ಹನ್ನೆರಡನೆಯ ಸೊನ್ನೆ

ಒಂದು ಸಲ ನಮ್ಮ ನಾರ್‌ಬೆಕ್ ಕಾಲೇಜಿನ ಕಡೆಗೆ ಸುಂಟರಗಾಳಿಯೊಂದು ಹೊರಟಿತ್ತು. ನಾನು ಕಚೇರಿಯ ವಾಕಿಟಾಕಿ ರೇಡಿಯೋ ಕೈಗೆತ್ತಿಕೊಂಡು, "ಇಲ್ಲಿ ಪರೀಕ್ಷೆ ನಡೀತಿದೆ, ಆಮೇಲೆ ಬಾ" ಎಂದು ಗದರಿಸಿದೆ. ಅದು ಗಕ್ಕನೆ ನಿಂತಿತು, ತಪ್ಪಾಯಿತು ಅನ್ನುವ ಹಾಗೆ ಸೊಂಟ ಬಗ್ಗಿಸಿತು, ಪಕ್ಕದ ಕೌಂಟಿಗೆ ಹೋಗಿ ಎರಡು ಕೋಳಿಗೂಡು ಎತ್ತಿಕೊಂಡು ಅಷ್ಟಕ್ಕೇ ತೃಪ್ತಿಪಟ್ಟಿತು. ನೆಬ್ರಾಸ್ಕದಲ್ಲಿ ಯಾರನ್ನು ಬೇಕಾದರೂ ಕೇಳಿ. ಇಲ್ಲ ಎಂದವರು ಆ ದಿನ ಊರಲ್ಲಿ ಇರಲಿಲ್ಲ ಎಂದು ತಿಳಿಯಿರಿ.

ನಾನು ಆರ್ಲೋ ಸ್ವಬೋಡ. ಕಾಲೇಜಿನ ಭದ್ರತಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಫೋನು ಮತ್ತು ರೇಡಿಯೋ ಮುಂದೆ ಕೂತವನು. ಕಚೇರಿಯಲ್ಲಿ ಇರುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನನ್ನ ಮೇಲಧಿಕಾರಿ ವೆಂಡೆಲ್ ನೈಕ್ವಿಸ್ಟ್. ಈ ಕತೆ ವೆಂಡೆಲನದು. ನಾನು ಅದರಲ್ಲಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಹಾಗಂತ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇನೆ.

ವೆಂಡೆಲ್ ಎಂಥ ಮನುಷ್ಯ ಎಂದರೆ, ಒಮ್ಮೆ ತನ್ನ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿ, ಕೆಳಗಿಳಿದು, ತನಗೇ ದಂಡದ ಚೀಟಿ ಬರೆದು, ವೈಪರಿಗೆ ಸಿಕ್ಕಿಸಿ, ವಾಪಸು ಬಂದಾಗ ಅದನ್ನು ನೋಡಿ ನೊಂದುಕೊಂಡವನು. ಅವನ ಮೇಜಿನ ಮೇಲೆ ಒಂದು ನಿಯಮದ ಪುಸ್ತಕ. ಕಾಲೇಜಿನ ಆವರಣದಲ್ಲಿ ನಡೆಯಬಹುದಾದ ಪ್ರತಿ ಅಪರಾಧಕ್ಕೂ ಅದರಲ್ಲಿ ಅಳತೆ ಕೊಟ್ಟಿದ್ದಾರೆ. ಯಾವುದು ಬರೀ ಕಳವು, ಯಾವುದು ಕನ್ನಗಳವು, ಯಾವುದು ಸುಲಿಗೆ, ಎಲ್ಲ ದರ್ಜಿ ಟೇಪು ಹಿಡಿದ ಹಾಗೆ. ಹಿಂದಿನ ವರ್ಷ ಯಾವ ಯಾವ ಅಪರಾಧ ಎಷ್ಟೆಷ್ಟು ನಡೆಯಿತು ಎಂದು ಆ ಅಳತೆಯಲ್ಲೇ ಎಣಿಸಿ, ಪ್ರತಿ ಅಕ್ಟೋಬರ್ ಒಂದರೊಳಗೆ ಪ್ರಕಟಿಸಬೇಕು. ಇದು ಸರ್ಕಾರದ ಕಾಯ್ದೆ. ನಾರ್‌ಬೆಕ್ ಕಾಲೇಜು ಹನ್ನೊಂದು ವರ್ಷದಿಂದ ಪ್ರಕಟಿಸುತ್ತಿದ್ದದ್ದು ಒಂದೇ ಅಂಕಿ. ಸೊನ್ನೆ.

ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ಎಂಟಕ್ಕೆ ವೆಂಡೆಲ್ ಹನ್ನೆರಡನೆಯ ಸೊನ್ನೆ ಬರೆಯಲು ಪೆನ್ನು ತೆಗೆದ. ಬರೆಯುವ ಮುಂಚೆ ಹೋದ ವರ್ಷದ ದಿನಚರಿಯನ್ನು ಕೊನೆಯ ಸಲ ತಿರುವಿ ಹಾಕಿದ. ಅದೇ ಅವನು ಮಾಡಿದ ತಪ್ಪು.

"ಆರ್ಲೋ, ಇಲ್ಲಿ ಅಕ್ಟೋಬರ್ ಹದಿನಾಲ್ಕು ನೋಡು. 'ತೋಟದ ಗಾಲ್ಫ್ ಗಾಡಿ ಬೆಳಿಗ್ಗೆ ಹನ್ನೊಂದಕ್ಕೆ ಕಾಣೆ. ಮಧ್ಯಾಹ್ನ ಎರಡಕ್ಕೆ ಬಾತುಕೊಳದಲ್ಲಿ ಮೂತಿ ಅದ್ದಿಕೊಂಡು ಸಿಕ್ಕಿತು.' ನಿನ್ನ ಕೈಬರಹ ತಾನೆ?"

"ನನ್ನದೇ. ಮುತ್ತು ಪೋಣಿಸಿದ ಹಾಗಿದೆ."

"ಇದನ್ನ 'ಎಲ್ಲೋ ಇಟ್ಟು ಮರೆತದ್ದು' ಅನ್ನೋ ಕಡೆ ಹಾಕಿದೀಯ."

"ಕೊಳದಲ್ಲಿ ಇಟ್ಟು ಮರೆತಿದ್ರು."

ವೆಂಡೆಲ್ ಆ ವಾರ ತಂಗಿಯ ಮಗಳ ಮದುವೆಗೆಂದು ಗ್ರ್ಯಾಂಡ್ ಐಲೆಂಡಿಗೆ ಹೋಗಿದ್ದ. ಈಗ ನಿಯಮದ ಪುಸ್ತಕ ಬಿಡಿಸಿ, ಬೆರಳಿಟ್ಟು ಓದಿದ. "ಮೋಟಾರು ವಾಹನ ಅಂದ್ರೆ ತಾನಾಗಿ ಓಡಬೇಕು, ನೆಲದ ಮೇಲೆ ಓಡಬೇಕು, ಹಳಿ ಮೇಲೆ ಓಡಬಾರದು. ಗಾಲ್ಫ್ ಗಾಡಿನೂ ಸೇರುತ್ತೆ."

"ಅದು ನೀರಲ್ಲಿತ್ತಲ್ಲ ಮಾರಾಯ."

"ಅಲ್ಲೀತನಕ ನೆಲದ ಮೇಲೇ ಓಡಿತ್ತು. ಮಜಾಕ್ಕೆ ಒಂದು ಸುತ್ತು ಹೊಡೆದು ಬಿಟ್ಟು ಹೋದ್ರೂ ವಾಹನ ಕಳವೇ. ವಾಪಸು ಸಿಕ್ಕಿದ್ರೂ ಕಳವೇ." ಅವನ ಮುಖ ತಣ್ಣಗಾದ ಕಾಫಿಯ ಹಾಗಾಯಿತು. "ಆರ್ಲೋ, ಇದು ಒಂದು."

ಒಂದು ಎಂಬ ಅಂಕಿ ಎಷ್ಟು ಭಾರ ಎಂದು ನಿಮಗೆ ಹೇಳಬೇಕು. ಒಮಾಹಾದ ಯಾವುದೋ ಖಾಸಗಿ ಭದ್ರತಾ ಕಂಪನಿ ನಮ್ಮ ಕೆಲಸಕ್ಕೆ ಅರ್ಜಿ ಹಾಕಿ ಕೂತಿತ್ತು. ಕಾಲೇಜಿನ ಟ್ರಸ್ಟಿಗಳು ಒಂದು ತೀರ್ಮಾನ ಮಾಡಿದ್ದರು: ಸೊನ್ನೆ ಇರುವವರೆಗೆ ವೆಂಡೆಲ್ ಇರಲಿ, ಸೊನ್ನೆ ಹೋದ ದಿನ ಕಂಪನಿ ಬರಲಿ. ಆ ದಿನ ಸಂಜೆ ಐದಕ್ಕೆ ಅವರ ಸಭೆ. ವೆಂಡೆಲನ ನಿವೃತ್ತಿಗೆ ಇನ್ನೂ ಮೂರು ವರ್ಷ ಬಾಕಿ. ಈ ಕೆಲಸ ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ಚರ್ಚಿನಲ್ಲಿ ಕುರ್ಚಿ ಮಡಚುವುದೊಂದೇ.

"ಸುಮ್ಮನೆ ಸೊನ್ನೆ ಬರಿ" ಎಂದೆ.

"ಅದು ಸುಳ್ಳಾಗುತ್ತೆ."

"ಸಣ್ಣದು."

"ಸೊನ್ನೆಗಿಂತ ದೊಡ್ಡದು." ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿದ. "ಒಂದೇ ದಾರಿ ಇದೆ. ಓಡಿಸಿದವನಿಗೆ ಆ ಗಾಡಿ ಓಡಿಸೋ ಹಕ್ಕಿತ್ತು ಅಂತಾದ್ರೆ ಅದು ಕಳವೇ ಅಲ್ಲ. ಯಾರು ಓಡಿಸಿದ್ರು ಅಂತ ಐದರೊಳಗೆ ಗೊತ್ತಾಗಬೇಕು." ತಲೆಯೆತ್ತಿ ನನ್ನ ನೋಡಿದ. "ನೀನಲ್ವಲ್ಲ?"

"ನಾನೇ? ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಈ ಕುರ್ಚಿ ಬಿಟ್ಟು ಕದಲಿಲ್ಲ. ರೆಪ್ಪೆ ಕೂಡ ಸರದಿ ಮೇಲೆ ಒಂದೊಂದೇ ಮುಚ್ಚಿದ್ದು."

ಅವನು ನಂಬಿದ. ವೆಂಡೆಲ್ ಎಲ್ಲರನ್ನೂ ನಂಬುತ್ತಾನೆ.

ಗೆಳೆಯನಿಗೆ ಕಷ್ಟ ಬಂದಾಗ ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ಅಡುಗೆಮನೆ, ತೋಟ, ಪ್ರಾರ್ಥನಾ ಮಂದಿರ, ಎಲ್ಲ ಕಡೆಯೂ ನಮ್ಮ ರೇಡಿಯೋ ಇದೆ. ಗುಂಡಿ ಒತ್ತಿ ಶಾಂತವಾಗಿ ಹೇಳಿದೆ: "ಹೋದ ಅಕ್ಟೋಬರ್ ಹದಿನಾಲ್ಕಕ್ಕೆ ತೋಟದ ಗಾಡಿ ಓಡಿಸಿದವರು ದಯವಿಟ್ಟು ಕಚೇರಿಗೆ ಬನ್ನಿ. ಐದರೊಳಗೆ ಬರದಿದ್ದರೆ ವೆಂಡೆಲನಿಗೆ ಕೈಕೋಳ ಹಾಕಿ ವಾಷಿಂಗ್ಟನ್ನಿಗೆ ಕರ್ಕೊಂಡು ಹೋಗ್ತಾರೆ."

"ಹಾಗೆ ಯಾರು ಹೇಳಿದ್ರು?" ಎಂದ ವೆಂಡೆಲ್.

"ಜನ ಬರಬೇಕಲ್ಲ."

ಮೊದಲು ಬಂದವನು ತೋಟದ ಹಾರ್ಲನ್. ಮೊಣಕಾಲಿಗೆಲ್ಲ ಮಣ್ಣು, ಜೇಬಿನಲ್ಲಿ ಟ್ಯುಲಿಪ್ ಗೆಡ್ಡೆ. ಗಾಡಿ ಅವನ ಸುಪರ್ದಿನಲ್ಲಿರುವುದು. 'ನಾನೇ ಕೊಳಕ್ಕೆ ಬಿಟ್ಟೆ' ಎಂದು ಅವನು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ವೆಂಡೆಲ್ ಹಾಗೆ ಹೇಳು ಎಂದು ಕೇಳುವವನಲ್ಲ. ನಾನು ಕೇಳಿದೆ.

"ಮೂವತ್ತು ವರ್ಷದಲ್ಲಿ ಒಂದು ಸೇವಂತಿಗೆ ಮೇಲೆ ಚಕ್ರ ಹತ್ತಿಸಿದೋನಲ್ಲ ನಾನು" ಎಂದ ಹಾರ್ಲನ್. "ಕೊಳಕ್ಕೆ ಗಾಡಿ ಬಿಟ್ಟೆ ಅಂತ ಒಪ್ಕೊಂಡು ನಾಳೆ ಬಾತುಕೋಳಿಗಳಿಗೆ ಮುಖ ಹೆಂಗೆ ತೋರಿಸಲಿ?"

"ವೆಂಡೆಲ್ ಕೆಲಸ ಹೋಗುತ್ತೆ ಕಣಯ್ಯ."

"ನನ್ನ ಮಾನ ಹೋಗುತ್ತಲ್ಲ. ಕದ್ದಿದ್ದಾರೆ. ಕದ್ದಿದ್ದು ಅಂತಲೇ ಬರೀಲಿ." ಹಾಗೆಂದು, ಹೋಗದೆ, ಏನಾಗುತ್ತದೆ ನೋಡೋಣ ಎಂದು ಕುರ್ಚಿ ಎಳೆದು ಕೂತ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರ ಮನೆಯಲ್ಲಾದರೂ ಸಾವು, ಕಾಯಿಲೆ, ಕೈಕಾಲು ಮುರಿತ ಎಂದರೆ ಅಕ್ಕಪಕ್ಕದವರು ಕ್ಯಾಸರೋಲ್ ಎಂದು, ಓವನ್ನಿನಲ್ಲಿ ಬೇಯಿಸಿದ ಬಿಸಿಬಿಸಿ ಅಡುಗೆಯನ್ನು ಪಾತ್ರೆ ಸಮೇತ ಹಿಡಿದು ಬಾಗಿಲಿಗೆ ಬರುತ್ತಾರೆ. ದುಃಖದ ಮನೆಯವರು ಅತ್ತು ಮುಗಿಸುವುದರೊಳಗೆ ಹನ್ನೊಂದು ಪಾತ್ರೆ ಸೇರಿರುತ್ತದೆ. ಅಡುಗೆಮನೆಯ ಯಜಮಾನಿ ಬರ್ನೀಸ್ ಹನ್ನೆರಡಕ್ಕೆ ಬಂದಾಗ ಅವಳ ಕೈಯಲ್ಲಿ ಆಲೂಗಡ್ಡೆ ಕ್ಯಾಸರೋಲ್ ಇತ್ತು, ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇತ್ತು.

"ನಾನೇ ತಗೊಂಡಿದ್ದು. ಬರ್ಕೋ" ಎಂದು ಪಾತ್ರೆಯನ್ನು ನಿಯಮದ ಪುಸ್ತಕದ ಮೇಲೇ ಇಟ್ಟಳು. "ಚಿಲಿ ಸಾರಿನ ಹಂಡೆ ಸಾಗಿಸೋಕೆ ಬೇಕಿತ್ತು."

ವೆಂಡೆಲ್ ಅವಳ ಮುಖ ನೋಡಿದ. ಇಪ್ಪತ್ತು ವರ್ಷದಿಂದ ಪ್ರತಿದಿನ ಅವನ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಬಡಿಸಿದ ಹೆಂಗಸು. "ಗಾಡಿ ಎಲ್ಲಿತ್ತು ಬರ್ನೀಸ್?"

"ಶೆಡ್ಡಲ್ಲಿ. ಇನ್ನೆಲ್ಲಿರುತ್ತೆ?"

"ಶೆಡ್ಡಿಗೆ ಬೀಗ ಇರುತ್ತೆ."

ಅವಳು ತಡವರಿಸಲಿಲ್ಲ. "ಕಿಟಕಿಯಿಂದ ಇಳಿದೆ."

"ಗಾಡಿನೂ ಕಿಟಕಿಯಿಂದಲೇ ಬಂತಾ?" ಎಂದ ಹಾರ್ಲನ್. "ಅವತ್ತು ಗಾಡಿ ಶೆಡ್ಡಲ್ಲೇ ಇರಲಿಲ್ಲ ಕಣಮ್ಮ. ಟ್ಯುಲಿಪ್ ಮಡಿ ಹತ್ರ ನಿಲ್ಲಿಸಿದ್ದೆ, ಕೀಲಿ ಅದರಲ್ಲೇ ಇತ್ತು."

"ನಿನ್ನ ಯಾರು ಕೇಳಿದ್ರು?"

ವೆಂಡೆಲ್ ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಪುಸ್ತಕದ ಆವಿ ಒರೆಸಿದ. "ಬರ್ನೀಸ್, ನೀನು ನನಗೆ ಒಳ್ಳೇದು ಮಾಡೋಕೆ ಬಂದಿದೀಯ. ಆದ್ರೆ ನೋಡು, ನಾಲ್ಕು ಗೋಡೆ, ಸೂರು, ಬಾಗಿಲು ಇರೋ ಜಾಗಕ್ಕೆ ಹೋಗೋ ಹಕ್ಕಿಲ್ಲದೋರು ಕದಿಯೋಕೆ ಅಂತ ಹೋದ್ರೆ ಅದು ಕನ್ನಗಳವು. ಗಾಡಿ ಕಳವಿಗಿಂತ ದೊಡ್ಡದು. ಎದುರಿಗೆ ಬಿದ್ದಿದ್ದ ವಸ್ತು ಎತ್ಕೊಂಡು ಹೋದ್ರೆ ಬರೀ ಕಳವು, ಅದನ್ನ ನಾನು ಎಣಿಸೋದೇ ಬೇಡ. ಒಳಗೆ ನುಗ್ಗಿದ್ರೆ ಎಣಿಸಬೇಕು."

"ಹಂಗಾದ್ರೆ ನಾನು ಒಳಗೆ ಹೋಗಲಿಲ್ಲ. ಗಾಡಿನೇ ಕಿಟಕಿ ಹತ್ರ ಬಂತು."

"ಕೂತ್ಕೋ ಬರ್ನೀಸ್" ಎಂದ ವೆಂಡೆಲ್.

ಅವಳೂ ಕೂತಳು. ಈಗ ಕಚೇರಿಯಲ್ಲಿ ಕುರ್ಚಿ ಉಳಿದಿರಲಿಲ್ಲ. ಆದ್ದರಿಂದ ಎರಡು ಗಂಟೆಗೆ ಬಂದ ಪಾದ್ರಿ ಸೆಡರ್‌ಬರ್ಗ್ ನಿಂತುಕೊಂಡೇ ಸುಳ್ಳು ಹೇಳಬೇಕಾಯಿತು. ಎಂಬತ್ತು ಸಮೀಪಿಸಿದ ಮನುಷ್ಯ. ಬಾಳಿನಲ್ಲಿ ಅದೇ ಮೊದಲ ಸುಳ್ಳೋ ಏನೋ, ತಂದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ ಬಾಗಿಲಲ್ಲೇ ತೊಳಲಾಡುತ್ತಿದ್ದರು. ಅವರ ಕೈಯಲ್ಲೂ ಒಂದು ಕ್ಯಾಸರೋಲ್ ಇತ್ತು.

"ಗಾಡಿ ಓಡಿಸಿದ್ದು ನಾನಪ್ಪ" ಎಂದರು. "ಹಾರ್ಲನ್ನನ್ನ ಕೇಳಿದೆ, ಅವನು ಕೊಟ್ಟ. ಹಕ್ಕಿನಿಂದ ಓಡಿಸಿದ ಹಾಗಾಯ್ತಲ್ಲ?"

ಬಹಳ ಚೆನ್ನಾದ ಸುಳ್ಳು. ನನಗೇ ಹೊಟ್ಟೆಕಿಚ್ಚಾಯಿತು. ಆದರೆ ಹಾರ್ಲನ್ ಅಲ್ಲೇ ಇದ್ದನಲ್ಲ.

"ಪಾದ್ರಿಗಳೇ, ನನ್ನ ಗಾಡಿ ನಾನು ನನ್ನ ಹೆಂಡತಿಗೂ ಕೊಟ್ಟೋನಲ್ಲ. ನಿಮಗೆ ಕೊಟ್ಟಿದ್ರೆ ಪ್ರಾಣಭಯದಿಂದ ಕೊಟ್ಟಿರಬೇಕು."

ಪಾದ್ರಿಗಳು ಯೋಚಿಸಿದರು. ಎಲ್ಲರಿಗೂ ಅನುಕೂಲ ಮಾಡಿಕೊಡುವುದು ಅವರ ಸ್ವಭಾವ. "ಹಂಗಾದ್ರೆ ಪ್ರಾಣಭಯ ಅಂತಲೇ ಇಟ್ಕೊಳ್ಳಿ. ನನ್ನ ಕೈಲಿ ಗುದ್ದಲಿ ಇತ್ತು."

ವೆಂಡೆಲ್ ಕಣ್ಣು ಮುಚ್ಚಿಕೊಂಡ. "ಪಾದ್ರಿಗಳೇ, ಹೆದರಿಸಿ ಕಿತ್ಕೊಂಡ್ರೆ ಅದು ಸುಲಿಗೆ."

"ಅದು ಕಡಿಮೆಯದಾ?"

"ಇಲ್ಲ. ಕನ್ನಗಳವಿಗಿಂತಲೂ ಮೇಲಿನದು. ಒಂದೇ ಪ್ರಕರಣದಲ್ಲಿ ನಾಲ್ಕು ತಪ್ಪಿದ್ರೆ ದೊಡ್ಡದೊಂದನ್ನೇ ಎಣಿಸಬೇಕು ಅಂತಿದೆ." ಪೆನ್ನು ಕೆಳಗಿಟ್ಟು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ದನಿ ಏರಿಸಲಿಲ್ಲ. "ಬೆಳಿಗ್ಗೆ ನನ್ನ ಹತ್ರ ಒದ್ದೆಯಾದ ಗಾಡಿ ಒಂದಿತ್ತು. ನಿಮ್ಮೆಲ್ಲರ ಉಪಕಾರದಿಂದ ಅದು ಕನ್ನಗಳವಾಗಿ, ಈಗ ಸುಲಿಗೆ ಆಗಿದೆ. ಇನ್ನೊಬ್ಬರು ಕ್ಯಾಸರೋಲ್ ತಂದ್ರೆ ಕೊಲೆ ಆಗುತ್ತೆ."

ಆಮೇಲೆ ಎರಡೂ ತಪ್ಪೊಪ್ಪಿಗೆಗಳ ಮೇಲೆ ಗೀಟೆಳೆದ. ಪ್ರೀತಿಯಿಂದ ಹೇಳಿದ ಸುಳ್ಳನ್ನು ವರದಿ ಎಂದು ಹಿಡಿಯುವಂತಿಲ್ಲವಂತೆ. ಪುಸ್ತಕದಲ್ಲಿ ಪ್ರೀತಿಯ ಮಾತಿಲ್ಲ, ಪ್ರಾಮಾಣಿಕವಾಗಿ ಕೊಟ್ಟ ದೂರು ಎಂದಷ್ಟೇ ಇದೆ. ಪ್ರೀತಿಯನ್ನು ಸೇರಿಸಿದ್ದು ವೆಂಡೆಲ್.

ಯಾರೂ ಎದ್ದು ಹೋಗಲಿಲ್ಲ. ಕ್ಯಾಸರೋಲ್ ಆರುತ್ತಾ ಹೋಯಿತು, ಗಡಿಯಾರ ಓಡುತ್ತಾ ಹೋಯಿತು. ನಾಲ್ಕೂವರೆಗೆ ಕಾಲೇಜಿನ ಅಧ್ಯಕ್ಷೆ ಹಲ್ಟ್‌ಗ್ರೆನ್ ಬಂದರು. ಬೂದು ಸೂಟು, ಕೈಯಲ್ಲಿ ಟ್ರಸ್ಟಿಗಳ ಕಡತ. ಕೋಣೆಯಲ್ಲಿ ಕೂತವರನ್ನು ನೋಡಿ, ಯಾರೋ ತೀರಿಕೊಂಡಿರಬೇಕು ಎಂದು ಬಾಗಿಲಲ್ಲಿ ಒಂದು ನಿಮಿಷ ತಲೆತಗ್ಗಿಸಿ ನಿಂತರು.

"ವೆಂಡೆಲ್, ಎಷ್ಟು?"

"ಒಂದು, ಮೇಡಂ. ಮೋಟಾರು ವಾಹನ ಕಳವು. ಓಡಿಸಿದೋರು ಯಾರು ಅಂತ ಗೊತ್ತಾಗಲಿಲ್ಲ."

ಅಧ್ಯಕ್ಷೆ ಕಡತವನ್ನು ಎದೆಗೊತ್ತಿಕೊಂಡರು. "ಸೊನ್ನೆ ಆಗಿದ್ರೆ ನಾನು ನಿಮ್ಮ ಪರವಾಗಿ ಮಾತಾಡ್ತಿದ್ದೆ. ಒಂದು ಅಂದಮೇಲೆ ನನ್ನ ಕೈಲಿ ಏನೂ ಇಲ್ಲ. ಅವತ್ತು ಕಚೇರಿಯಲ್ಲಿ ಯಾರೂ ಇರಲಿಲ್ವಾ?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಕಚೇರಿಯ ಮರ್ಯಾದೆಯ ಪ್ರಶ್ನೆ. "ನಾನಿದ್ದೆ ಮೇಡಂ" ಎಂದೆ. "ಇಡೀ ದಿನ ಇದ್ದೆ. ಈ ಫೋನು ಒಂದು ಸಲ ಪೂರ್ತಿ ಬಡಿಯೋಕೆ ನಾನು ಬಿಟ್ಟಿಲ್ಲ. ಬಡಿಯೋ ಮುಂಚೆಯೇ ಎತ್ತಿದೀನಿ. ಇನ್ನೂ ನಂಬರ್ ಒತ್ತದೇ ಇದ್ದೋರ ಜೊತೇನೂ ಮಾತಾಡಿದೀನಿ."

"ಅಕ್ಟೋಬರ್ ಹದಿನಾಲ್ಕಾ?" ಎಂದಳು ಬರ್ನೀಸ್. "ಚಿಲಿ ಸಾರಿನ ದಿನ ತಾನೆ? ಅವತ್ತು ಹನ್ನೊಂದೂವರೆಗೆ ನಾನು ಇಲ್ಲಿಗೆ ಫೋನ್ ಮಾಡಿದೀನಿ. ಹದಿನಾಲ್ಕು ಸಲ ಬಡೀತು. ಆಮೇಲೆ ಹನ್ನೆರಡಕ್ಕೆ ಮಾಡಿದೆ. ಆಗಲೂ ಯಾರೂ ಎತ್ತಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜೊತೆ ಕಣ್ಣು ಒಟ್ಟಿಗೆ ನನ್ನನ್ನು ನಂಬಿಕೆಯಿಂದ ನೋಡಿದ್ದು ಎಂದೂ ಇಲ್ಲ, ಅಂದೂ ಇರಲಿಲ್ಲ.

"ಆರ್ಲೋ" ಎಂದ ವೆಂಡೆಲ್.

"ಮಂಡಿ ನೋವಿತ್ತು" ಎಂದೆ. "ಊಟದ ಕಡೆ ಹೋಗಬೇಕಿತ್ತು. ಗಾಡಿ ನಿಂತಿತ್ತು, ಕೀಲಿ ಇತ್ತು. ಹೋಗಿ ಬರೋವಾಗ ಕೊಳದ ತಿರುವಿನಲ್ಲಿ ಅದು ನೆಟ್ಟಗೆ ಹೋಯ್ತು, ನಾನು ತಿರುಗಿದೆ."

ಹಾರ್ಲನ್ ಎದ್ದು ನಿಂತ. ಪಾದ್ರಿಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ವೆಂಡೆಲ್ ಮಾತ್ರ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅವನು ಕಪಾಟಿನಿಂದ ಕಾಲೇಜಿನ ನಿಯಮಾವಳಿ ಎಳೆದು ಸರಸರನೆ ಪುಟ ತಿರುವುತ್ತಿದ್ದ.

"'ಭದ್ರತಾ ಕಚೇರಿಯ ಸಿಬ್ಬಂದಿ ಕಾಲೇಜಿನ ಯಾವುದೇ ವಾಹನವನ್ನು ಆವರಣದೊಳಗೆ ಬಳಸಬಹುದು'" ಎಂದು ಓದಿದ. "ಮೇಡಂ, ಇವನಿಗೆ ಹಕ್ಕಿತ್ತು. ಇದು ಕಳವಲ್ಲ. ಕೆಟ್ಟ ಚಾಲನೆ ಅಷ್ಟೆ. ಕೆಟ್ಟ ಚಾಲನೆಗೆ ಪಟ್ಟಿಯಲ್ಲಿ ಜಾಗ ಇಲ್ಲ."

"ಹಂಗಾದ್ರೆ ಎಷ್ಟು?"

"ಸೊನ್ನೆ" ಎಂದ ವೆಂಡೆಲ್. ಆ ಪದವನ್ನು ಅಷ್ಟು ಮೃದುವಾಗಿ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಂದರ ಮೇಲೆ ಗೀಟೆಳೆದು, ಪಕ್ಕದಲ್ಲಿ ದುಂಡಗೆ ಸೊನ್ನೆ ಸುತ್ತಿದ. ಅಧ್ಯಕ್ಷೆ ನಕ್ಕರು. ಪಾದ್ರಿಗಳು ಕ್ಯಾಸರೋಲಿನ ಮುಚ್ಚಳ ತೆಗೆದರು. ಹಾರ್ಲನ್ ಕೂಡ, ಗಾಡಿ ಅವನು ಮುಳುಗಿಸಲಿಲ್ಲ ಎಂದು ಅಧ್ಯಕ್ಷೆಯ ಎದುರಿಗೇ ಸಾಬೀತಾದ ಸಮಾಧಾನಕ್ಕೆ ಒಂದು ತಟ್ಟೆ ಕೇಳಿದ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿದ್ದೆ.

ಬರ್ನೀಸ್ ಮಾತ್ರ ಸೌಟು ಹಿಡಿದು ನಿಂತೇ ಇದ್ದಳು.

"ಊಟದ ಕಡೆ ಹೋಗಿದ್ದೆ ಅಂದೆಯಲ್ಲ" ಎಂದಳು. "ನಾನು ಅವತ್ತು ಫೋನ್ ಮಾಡಿದ್ದು ಯಾಕೆ ಗೊತ್ತಾ? ಚಿಲಿ ಜೊತೆಗೆ ಕೊಡೋಕೆ ಮಾಡಿದ್ದ ದಾಲ್ಚಿನ್ನಿ ಬನ್ನು ಒಂದು ತಟ್ಟೆ ಕಾಣೆಯಾಗಿತ್ತು. ಫುಟ್‌ಬಾಲ್ ಹುಡುಗರದೇ ಕೆಲಸ ಅಂದ್ಕೊಂಡು ಒಂದು ವರ್ಷದಿಂದ ಅವರಿಗೆ ಬನ್ನು ಕೊಟ್ಟಿಲ್ಲ ನಾನು."

ಕ್ಯಾಸರೋಲಿನ ಮೇಲೆ ಎಲ್ಲರ ಚಮಚ ನಿಂತವು.

"ಎರಡೇ ಎರಡು ತಗೊಂಡಿದ್ದೆ" ಎಂದೆ.

ವೆಂಡೆಲ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನೀರಿನಲ್ಲಿ ಹಗ್ಗ ಹಿಡಿದವನು ದಡದಲ್ಲಿದ್ದವನನ್ನು ನೋಡುವ ಹಾಗೆ. "ಬಡಿಸೋ ಕೌಂಟರ್ ಮೇಲೆ ಇತ್ತಲ್ವಾ ಆರ್ಲೋ?" ಎಂದು ಮೆಲ್ಲಗೆ ಕೇಳಿದ. "ಅಲ್ಲಿಗೆ ಯಾರು ಬೇಕಾದ್ರೂ ಹೋಗಬಹುದು. ಅಲ್ಲಿಂದ ಎತ್ಕೊಂಡಿದ್ರೆ ಬರೀ ಕಳವು. ಪಟ್ಟಿಯಲ್ಲಿ ಇಲ್ಲ."

ಇಷ್ಟು ಸುಲಭದ ಸುಳ್ಳನ್ನು ನನಗೆ ಯಾರೂ ಹೀಗೆ ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ. "ಕೌಂಟರ್ ಮೇಲೇ ಇತ್ತು" ಎಂದೆ.

"ಕೌಂಟರ್ ಮೇಲಾ?" ಎಂದಳು ಬರ್ನೀಸ್. "ಹನ್ನೆರಡಕ್ಕೆ ಮುಂಚೆ ನನ್ನ ಬನ್ನು ಕೌಂಟರಿಗೆ ಬಂದಿದ್ದು ಇಪ್ಪತ್ತು ವರ್ಷದಲ್ಲಿ ಒಂದು ದಿನ ತೋರಿಸು ನೋಡೋಣ. ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದೆ. ಕೀಲಿ ನನ್ನ ಕೊರಳಲ್ಲಿತ್ತು. ಆ ಉಗ್ರಾಣಕ್ಕೆ ಅಧ್ಯಕ್ಷರಿಗೂ ಪ್ರವೇಶ ಇಲ್ಲ."

"ಇಲ್ಲ" ಎಂದು ಅಧ್ಯಕ್ಷೆ ಒಪ್ಪಿದರು.

ಹೇಳಿದ ಮೇಲೆ ಬರ್ನೀಸ್‌ಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಸೌಟನ್ನು ನಿಧಾನಕ್ಕೆ ಪಾತ್ರೆಗೆ ಇಳಿಸಿ ವೆಂಡೆಲನ ಕಡೆ ನೋಡಿದಳು. ಅವನು ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದ.

"ಹೆಂಗೆ ಹೋದೆ ಆರ್ಲೋ?"

"ಹಿಂದಿನ ಕಿಟಕಿಯಿಂದ."

ನಾಲ್ಕು ಗೋಡೆ, ಸೂರು, ಬಾಗಿಲು. ವೆಂಡೆಲ್ ಸೊನ್ನೆಯ ಮೇಲೆ ಗೀಟೆಳೆದು, ಕನ್ನಗಳವಿನ ಎದುರಿಗೆ ಒಂದು ಎಂದು ಬರೆದ. ಅಧ್ಯಕ್ಷೆ ಹಾಳೆ ತೆಗೆದುಕೊಂಡು ಸಭೆಗೆ ನಡೆದರು. ಐದೂ ಇಪ್ಪತ್ತಕ್ಕೆ ಫೋನು ಬಡಿಯಿತು. ಅದನ್ನು ವೆಂಡೆಲನೇ ಎತ್ತಿದ. "ಸರಿ ಮೇಡಂ. ಜನವರಿಯಿಂದ ಒಮಾಹಾದವರು. ಸರಿ" ಎಂದು ಇಟ್ಟ. ಆಮೇಲೆ ತಣ್ಣಗಾದ ಕ್ಯಾಸರೋಲನ್ನು ಐದು ತಟ್ಟೆಗೆ ಸಮನಾಗಿ ಬಡಿಸಿದ. ನನ್ನ ತಟ್ಟೆಗೂ ಬಡಿಸಿದ. ಅದಕ್ಕಿಂತ ಅವನು ನನಗೆ ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು.

ಬರ್ನೀಸ್ ತಿನ್ನಲಿಲ್ಲ. "ತಟ್ಟೆಯಲ್ಲಿ ಇಪ್ಪತ್ತನಾಲ್ಕು ಬನ್ನು ಇತ್ತು" ಎಂದಳು. "ನೀನು ಎರಡು ಅಂದೆ. ಉಳಿದಿದ್ದು?"

"ಕೊಳದಲ್ಲಿ ಬಿತ್ತು. ಬಾತುಕೋಳಿಗಳು ತಿಂದವು."

"ನನ್ನ ಬಾತುಕೋಳಿ ದಾಲ್ಚಿನ್ನಿ ಮುಟ್ಟಲ್ಲ" ಎಂದ ಹಾರ್ಲನ್, ತಟ್ಟೆಯಿಂದ ತಲೆ ಎತ್ತದೆ.

ವೆಂಡೆಲ್ ಕೂಡ ಕಾಯುತ್ತಿದ್ದ. ಅವನು ಬರೆಯಲು ಏನೂ ಉಳಿದಿರಲಿಲ್ಲ, ಎಣಿಸಲೂ ಏನೂ ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳಬೇಕು ಎಂಬ ಮುಖ ಮಾಡಿಕೊಂಡಿದ್ದ.

"ಎರಡಲ್ಲ" ಎಂದೆ. "ಇಪ್ಪತ್ತನಾಲ್ಕೂ ನಾನೇ ತಿಂದೆ. ಎರಡು ಕೈಯಲ್ಲೂ ಬನ್ನು ಇತ್ತು. ಅದಕ್ಕೇ ತಿರುವಿನಲ್ಲಿ ಗಾಡಿ ತಿರುಗಿಸೋಕೆ ಆಗಲಿಲ್ಲ."